ಬ್ಯಾರನ್ನಿಗೆ ಮರದ ಬಾಗಿಲಿಲ್ಲ

2025ರ ಸೆಪ್ಟೆಂಬರ್ 22, ಸೋಮವಾರ. ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಮಹೇಶ್‌ಕುಮಾರ್ ತೊರೆಬೀಡು ಪೊಲೀಸ್ ಠಾಣೆಗೆ ಮೂರನೇ ಸಲ ಬಂದ. ಮೈಸೂರಿನಲ್ಲಿ ಅಂದೇ ದಸರಾ ಶುರು. ಠಾಣೆಯ ಹತ್ತೊಂಬತ್ತು ಮಂದಿಯಲ್ಲಿ ಹನ್ನೊಂದು ಮಂದಿ ಬಂದೋಬಸ್ತಿಗೆ ಹೋಗಿದ್ದರು. ಉಳಿದವರಲ್ಲಿ ಇಬ್ಬರಿಗೆ ಜ್ವರ. ಇನ್‌ಸ್ಪೆಕ್ಟರ್ ಸುಕನ್ಯ ಮೇಜಿಗೆ ಮೊಣಕೈಯೂರಿ, ಕುಡಿಯಲು ಮರೆತ ಟೀಯ ಮೇಲೆ ಕೆನೆ ಕಟ್ಟುವುದನ್ನು ನೋಡುತ್ತ ಕೂತಿದ್ದಳು.

"ಮತ್ತೆ ಬಂದ್ಯಾ?"

"ಬಂದೆ ಮೇಡಂ. ನೀವ್ ಕೇಳಿದ್ದು ತಂದಿವ್ನಿ."

ಅವನು ಫೋನನ್ನು ಮೇಜಿನ ಮೇಲಿಟ್ಟ.

ಮಹೇಶನ ತಂದೆ ಅಂಕಯ್ಯ ಸತ್ತದ್ದು ಆಗಸ್ಟ್ 9ರಂದು. ವಯಸ್ಸು ಐವತ್ತೆಂಟು. ತಂಬಾಕಿನ ಸೊಪ್ಪನ್ನು ಕಾವಿನಲ್ಲಿ ಒಣಗಿಸುವ ನಂಜುಂಡಸ್ವಾಮಿಯ ಬ್ಯಾರನ್ನಿನಲ್ಲಿ ಇಪ್ಪತ್ತೆರಡು ವರ್ಷ ಆಳು. ಹಸಿ ಸೊಪ್ಪು ಕಟ್ಟಿದ ಕಡ್ಡಿಗಳನ್ನು ಬ್ಯಾರನ್ನಿನೊಳಗೆ ಎರಡಾಳೆತ್ತರದಲ್ಲಿ ಅಡ್ಡ ಹಾಕಿದ ಮರದ ಗಳಗಳಿಗೆ ಏರಿ ಜೋಡಿಸುವುದು ಅವನ ಕೆಲಸ. ಆ ದಿನ ಸಂಜೆ ಹ್ಯಾಂಡ್‌ಪೋಸ್ಟ್ ಕಡೆಗೆ ಹೋಗುವ ರಸ್ತೆಯ ತಿರುವಿನಲ್ಲಿ ಅವನ ಹೆಣ ಸಿಕ್ಕಿತು. ತಲೆ ಒಡೆದಿತ್ತು. ಅಪರಿಚಿತ ವಾಹನ ಡಿಕ್ಕಿ ಎಂದು ಪ್ರಕರಣ ದಾಖಲಾಯಿತು. ಅಂಕಯ್ಯ ಆ ವಾರ ಕೆಲಸಕ್ಕೇ ಬಂದಿರಲಿಲ್ಲ, ಕುಡಿದು ತಿರುಗುತ್ತಿದ್ದ ಎಂದು ನಂಜುಂಡಸ್ವಾಮಿ ಹೇಳಿಕೆ ಕೊಟ್ಟ. ಜೊತೆಯ ಆಳುಗಳು ತಮಗೇನೂ ಗೊತ್ತಿಲ್ಲ ಎಂದರು. ಅವರಿಗೆ ಮರುದಿನವೂ ಅದೇ ಬ್ಯಾರನ್ನಿಗೆ ಹೋಗಬೇಕಿತ್ತು. ಅಂಕಯ್ಯನ ಸಾವಿನ ಬಗ್ಗೆ ಸರ್ಕಾರ ಬರೆದದ್ದು ಒಟ್ಟು ಮೂರೂವರೆ ಪುಟ. ಅದರಲ್ಲಿ ಒಂದು ಪುಟ ರಸ್ತೆಯ ಅಳತೆ.

ಆಗಸ್ಟ್ 14ರಂದು ಮಹೇಶ ಮೊದಲ ಸಲ ಬಂದು, ಅಪ್ಪ ಬೆಳಿಗ್ಗೆ ಆರಕ್ಕೆ ಬ್ಯಾರನ್ನಿಗೆಂದೇ ಹೋದ, ಸತ್ತದ್ದೂ ಅಲ್ಲೇ ಎಂದಿದ್ದ. "ಕಣ್ಣಾರೆ ಕಂಡೋರು ಯಾರು?" ಎಂದು ಸುಕನ್ಯ ಕೇಳಿದ್ದಳು. ಯಾರೂ ಇರಲಿಲ್ಲ. ಸೆಪ್ಟೆಂಬರ್ 3ರಂದು ಮತ್ತೆ ಬಂದ. ಊಟದ ಹೊತ್ತು. "ಬಾಯಿಮಾತಲ್ಲಿ ಆಗಲ್ಲ ಕಣಪ್ಪ. ಅವರು ಮಾತಾಡಿರೋ ರೆಕಾರ್ಡಿಂಗ್ ಗೀಕಾರ್ಡಿಂಗ್ ಇದ್ರೆ ತಗೊಂಡ್ ಬಾ, ನೋಡಾಣ" ಎಂದು ಕಳಿಸಿದ್ದಳು.

ಈಗ ತಂದಿದ್ದ. ಇಪ್ಪತ್ತಾರು ಸೆಕೆಂಡು. ಸೆಪ್ಟೆಂಬರ್ 18, ಮಧ್ಯಾಹ್ನ 3.40ರ ಕಡತ. ಅಪ್ಪನ ಚಪ್ಪಲಿ ಕೇಳಲು ಹೋದಾಗ ಬ್ಯಾರನ್ನಿನ ಗೋಡೆಯ ಮರೆಯಲ್ಲಿ ನಿಂತು ಹಿಡಿದದ್ದು ಎಂದ.

ಕಿರ್ರೆಂದು ಬಾಗಿಲಿನ ಸದ್ದು. ಆಮೇಲೆ ದಪ್ಪ ದನಿ: "ಶಶಿ, ಬ್ಯಾರನ್ ಬಾಗ್ಲು ಹಾಕು. ಅಂಕಯ್ಯನ ಮಗ ಮಹೇಶ ಮತ್ತೆ ಸ್ಟೇಷನ್ನಿಗೆ ಹೋಗಿದ್ನಂತೆ."

ಎಳೆಯ ದನಿ: "ಹಾಕ್ದೆ ದೊಡ್ಡಪ್ಪ. ಈ ಮುರಿದ ಗಳ ಏನ್ ಮಾಡ್ಲಿ? ಅಂಕಯ್ಯ ಮೇಲಿಂದ ಬಿದ್ದಾಗ ಮುರಿದಿದ್ದು."

"ಒಲೆಗೆ ಹಾಕ್ಬುಡು ಶಶಿ. ಉಸಿರಿದ್ದಾಗ್ಲೇ ಅವನ್ನ ರೋಡಿಗೆ ತಂದಾಕಿದ್ದು ನಾವೇ ಅಂತ ಯಾರ್ಗೂ ಗೊತ್ತಾಗಬಾರ್ದು."

ಸುಕನ್ಯ ನೆಟ್ಟಗೆ ಕೂತಳು. ಹೆಡ್ ಕಾನ್‌ಸ್ಟೆಬಲ್ ಮರಿಯಯ್ಯ ಎಫ್‌ಐಆರ್ ಟೈಪ್ ಮಾಡಿದ. ನಿರ್ಲಕ್ಷ್ಯದ ಸಾವು, ಸಾಕ್ಷ್ಯ ನಾಶ. ಆರೋಪಿ ಒಂದು ನಂಜುಂಡಸ್ವಾಮಿ, ಆರೋಪಿ ಎರಡು ಅವನ ತಮ್ಮನ ಮಗ ಶಶಿಕುಮಾರ್. ಪಿರ್ಯಾದಿಯ ವಯಸ್ಸು ಮೂವತ್ತನಾಲ್ಕು. ವಿಳಾಸ, ಹೊಸ ಕಾಲೋನಿ.

"ಕೆಲ್ಸ?"

"ಬರೀತೀನಿ ಸಾರ್."

ಮರಿಯಯ್ಯ ತಲೆಯೆತ್ತದೆ "ಕೂಲಿ" ಎಂದು ಟೈಪ್ ಮಾಡಿದ.

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಇಬ್ಬರು ಪಂಚರೊಂದಿಗೆ ಬ್ಯಾರನ್ನಿನ ಸ್ಥಳ ಪಂಚನಾಮೆ. ನಂಜುಂಡಸ್ವಾಮಿ ಕುರ್ಚಿ ತರಿಸಿದ, ಎಳನೀರು ತರಿಸಿದ. ಸುಕನ್ಯ ಎರಡನ್ನೂ ಮುಟ್ಟದೆ ಒಳಗೆ ಹೋಗಿ ಮೇಲೆ ನೋಡಿದಳು. ಸೊಪ್ಪಿನ ಜಿಗುಟು ಹಿಡಿದು ಕಪ್ಪಾದ ಗಳಗಳ ಸಾಲಿನಲ್ಲಿ ಒಂದೇ ಒಂದು ಗಳ ಹಲ್ಲಿನಂತೆ ಬೆಳ್ಳಗಿತ್ತು.

"ಅದು ಯಾವಾಗ ಹಾಕಿಸಿದ್ದು?"

"ಓದ್ ವರ್ಸ ಮೇಡಂ."

"ಹೋದ ವರ್ಷ ಹಾಕಿದ್ದು ಇನ್ನೂ ಕಪ್ಪಾಗಿಲ್ಲ?"

"ಒಳ್ಳೇ ಮರ ಮೇಡಂ," ಎಂದ ನಂಜುಂಡಸ್ವಾಮಿ. ಪಂಚರಲ್ಲೊಬ್ಬ ನಕ್ಕು ಕೆಮ್ಮಿದ.

ಬಿಳಿ ಗಳದ ವಿಷಯ ಪಂಚನಾಮೆಗೆ ಸೇರಿತು. ರೆಕಾರ್ಡಿಂಗ್ ಕೇಳಿಸಿದಾಗ ನಂಜುಂಡಸ್ವಾಮಿ "ಇದ್ ನನ್ ದನಿ ಅಲ್ಲ" ಎಂದ. ಆ ಮಾತನ್ನು ಎಲ್ಲ ಆರೋಪಿಗಳೂ ಹೇಳುತ್ತಾರೆ. ಆದರೆ ಹೊರಡುವಾಗ ಸುಕನ್ಯ ಬಾಗಿಲು ಹಾಕಲೆಂದು ಎಳೆದಳು. ಅದು ತಗಡಿನ ಬಾಗಿಲು. ಕೀಲಿಲ್ಲ, ತಂತಿಯಲ್ಲಿ ಕಟ್ಟಿದ್ದು. ಕಿರ್ರೆನ್ನಲಿಲ್ಲ, ನೆಲ ಕೆರೆದುಕೊಂಡು ಗರಗರ ಎಂದಿತು. ಇನ್ನೆರಡು ಸಲ ಎಳೆದಳು. ಅದೇ ಗರಗರ.

"ಬೇರೆ ಬಾಗಿಲಿದೆಯಾ?"

"ಬ್ಯಾರನ್ನಿಗೆ ಎಷ್ಟ್ ಬಾಗ್ಲು ಇಟ್ಟಾರು ಮೇಡಂ?" ಎಂದು ಶಶಿಕುಮಾರ್ ಎಳನೀರಿನ ಬುರುಡೆ ಎತ್ತಿಕೊಂಡ.

ನಂಜುಂಡಸ್ವಾಮಿ ಅವನ ಕಡೆ ತಿರುಗದೆ ಹೇಳಿದ: "ಅದ್ನ ಅಲ್ಲಿಡು."

"ಎಲ್ಲಿ?"

"ಅಲ್ಲೇ ಕಣ್ಲಾ."

"ಇದ್ರ ಮೇಲಾ?"

"ಊಂ."

ಜೀಪಿನಲ್ಲಿ ಸುಕನ್ಯ ರೆಕಾರ್ಡಿಂಗನ್ನು ಏಳು ಸಲ ಕೇಳಿದಳು. ಬಿಸಿಲಿಗೆ ಜೀಪಿನ ಸೀಟು ಸುಡುತ್ತಿತ್ತು.

"ಮರಿಯಯ್ಯ, ಮನೇಲಿ ನೀವು ಹೆಂಡತೀನ ಹೆಸರು ಹಿಡಿದು ಎಷ್ಟು ಸಲ ಕರೀತೀರಿ?"

"ಹೆಸರಾ? ಮದ್ವೇಲಿ ಒಂದ್ ಸಲ ಯೋಳ್ಸಿದ್ರು. ಈಗ ಕೆಮ್ಮಿದ್ರೆ ಕಾಫಿ ಬತ್ತದೆ."

"ಇದರಲ್ಲಿ ನೋಡಿ. ಮಾತಿಗೊಂದು ಶಶಿ, ಮಾತಿಗೊಂದು ದೊಡ್ಡಪ್ಪ. ಇಬ್ಬರೇ ಇದ್ದಾರೆ, ಮುರಿದ ಗಳ ಕಣ್ಣೆದುರಿಗಿದೆ. ಇದೇನ್ಮಾಡ್ಲಿ ಅಂದ್ರೆ ಸಾಕು. ‘ಅಂಕಯ್ಯ ಮೇಲಿಂದ ಬಿದ್ದಾಗ ಮುರಿದ ಗಳ’ ಅಂತ ಯಾರು ಯಾರಿಗೆ ಹೇಳ್ತಿದ್ದಾರೆ?"

ಮರಿಯಯ್ಯ ಇನ್ನೊಮ್ಮೆ ಕೇಳಿಸಿಕೊಂಡ. ಆಮೇಲೆ ಹೇಳಿದ: "ನಮಗೆ ಹೇಳ್ತಾವ್ರೆ ಮೇಡಂ. ಬುಧವಾರದ ರೇಡಿಯೋ ನಾಟ್ಕ ಇದೇ ತರ ಇರ್ತದೆ. ನಮ್ಮನೇವ್ಳು ತಪ್ಪದೆ ಕೇಳ್ತಾಳೆ." ಕತ್ತು ಕೆರೆದುಕೊಂಡ. "ಆ ಹುಡ್ಗ ಬರೀತೀನಿ ಅಂದಿದ್ದ. ನಾನು ಕೂಲಿ ಅಂತ ಹಾಕ್ಬುಟ್ಟೆ."

"ಯಾಕೆ?"

"ಕಾಲೋನಿ ಅಂದ್ನಲ್ಲ ಮೇಡಂ."

ಸೆಪ್ಟೆಂಬರ್ 24, ಮಧ್ಯಾಹ್ನ ಹನ್ನೆರಡು. ಬುಧವಾರದ ನಾಟಕ ಬರುವ ‘ನೆಲದನಿ’ ಸಮುದಾಯ ರೇಡಿಯೊ ಇರುವುದು ಹ್ಯಾಂಡ್‌ಪೋಸ್ಟಿನಲ್ಲಿ, ಟೈರ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ. ಬಸ್ಸಿನ ಹಾರ್ನ್ ಒಳಗೆ ಬಾರದಿರಲೆಂದು ಗೋಡೆಗೆಲ್ಲ ಗೋಣಿಚೀಲ ಹೊಡೆದಿದ್ದರು. ನಿಲಯ ನೋಡಿಕೊಳ್ಳುವ ಗೌತಮಿಗೆ ಇನ್‌ಸ್ಪೆಕ್ಟರ್ ಬಂದದ್ದು ಏಕೆಂದು ಗೊತ್ತಿರಲಿಲ್ಲ. ನಾಟಕ ಬರೆಯುವುದು ಹೇಗೆ ಎಂದು ಕೇಳಿದ್ದಕ್ಕೆ ಅವಳಿಗೆ ಖುಷಿಯೇ ಆಯಿತು.

"ಕೇಳೋರಿಗೆ ಕಣ್ಣಿಲ್ಲ ಮೇಡಂ, ಅದೇ ಮೊದಲ್ನೇ ಪಾಠ. ಪಾತ್ರ ಬಂದ ಕೂಡ್ಲೇ ಹೆಸರು ಕೇಳಿಸ್ಬೇಕು. ಎಲ್ಲಿದ್ದಾರೆ, ಕೈಯಲ್ಲಿ ಏನಿದೆ, ಎಲ್ಲ ಮಾತಲ್ಲೇ ಬರಬೇಕು. ಗೊತ್ತೇ ಆಗ್ದಂಗೆ ಬರಬೇಕು, ಅದೇ ಕಷ್ಟ. ಇನ್ನೊಂದು, ಮೂರು ಸೆಕೆಂಡಿಗಿಂತ ಜಾಸ್ತಿ ಮೌನ ಇಡಬಾರ್ದು. ರೇಡಿಯೋ ಕೆಟ್ಟೋಯ್ತು ಅಂತ ಆರಿಸ್ಬುಡ್ತಾರೆ. ನಮಗೆಲ್ಲ ಇದನ್ನ ಕಲಿಸಿದ್ದು ಮಹೇಶಣ್ಣ. ನಾಲ್ಕು ವರ್ಷದಿಂದ ವಾರಕ್ಕೊಂದು ಬರೀತಾರೆ. ಜನ ಬರದೇ ಇದ್ರೆ ಒಬ್ಬರೇ ನಾಲ್ಕು ದನಿ ಆಡ್ತಾರೆ."

"ಇದೇನು?"

ಮೂಲೆಯಲ್ಲಿ ಮೊಣಕಾಲೆತ್ತರದ ಚೌಕಟ್ಟು. ಅದಕ್ಕೊಂದು ಪುಟ್ಟ ಮರದ ಬಾಗಿಲು, ತುಕ್ಕು ಹಿಡಿದ ಕೀಲು.

"ಬಾಗ್ಲು ಮೇಡಂ. ಎಲ್ಲ ಮನೆಗೂ ಅದೇ ಬಾಗ್ಲು. ಬಡವರ ಮನೆ, ಸಾವ್ಕಾರ್ರ ಮನೆ, ತಹಸೀಲ್ದಾರ್ ಆಫೀಸು."

ಸುಕನ್ಯ ಬಗ್ಗಿ ಬಾಗಿಲು ತೆರೆದಳು. ಕಿರ್ರೆಂದಿತು. ಮರಿಯಯ್ಯ ಗೋಡೆಯ ಗೋಣಿಚೀಲ ನೋಡತೊಡಗಿದ.

ಸ್ಟುಡಿಯೊದ ದಿನಚರಿ ಪುಸ್ತಕದಲ್ಲಿ ಸೆಪ್ಟೆಂಬರ್ 18, ಮೂರರಿಂದ ನಾಲ್ಕು ಗಂಟೆ ಎಂಬ ಸಾಲಿನೆದುರು ಮಹೇಶನ ಸಹಿಯಿತ್ತು. ಪುಸ್ತಕವನ್ನೂ ಬಾಗಿಲನ್ನೂ ಜಪ್ತಿ ಮಾಡಿದರು. ಬಾಗಿಲನ್ನು ಮೆಟ್ಟಿಲಿಳಿಸುವಾಗ ಅದು ದಾರಿಯುದ್ದಕ್ಕೂ ಕಿರ್ರೆನ್ನುತ್ತಿತ್ತು.

"ನಾನ್ ಹೇಳ್ಬಾರ್ದಿತ್ತಾ ಮೇಡಂ?" ಎಂದು ಗೌತಮಿ ಕೇಳಿದಳು.

ಸೆಪ್ಟೆಂಬರ್ 25, ಗುರುವಾರ, ಮಧ್ಯಾಹ್ನ ಎರಡೂವರೆ. ಹೊಸ ಕಾಲೋನಿಯ ಮನೆಯ ಶೋಧನೆ. ಮಹೇಶ ಬಾಗಿಲಲ್ಲೇ ಇದ್ದ. ಜೀಪಿನ ಹಿಂದೆ ಇದ್ದ ಪುಟ್ಟ ಬಾಗಿಲನ್ನು ನೋಡಿದ. ಒಳಗೆ ಹೋಗಿ ನೋಟ್‌ಬುಕ್ ತಂದು ತಾನೇ ಕೊಟ್ಟ. ನೀಲಿ ಶಾಯಿಯಲ್ಲಿ ರೆಕಾರ್ಡಿಂಗಿನ ಮಾತುಗಳನ್ನೇ ಮೂರು ಪ್ರತಿ ಬರೆದಿದ್ದ, ಎರಡನ್ನು ಹೊಡೆದುಹಾಕಿದ್ದ. ಮಾತುಗಳ ಪಕ್ಕದ ಅಂಚಿನಲ್ಲಿ ‘ಶಬ್ದ: ಬಾಗಿಲು’ ಎಂದಿತ್ತು.

"ಬ್ಯಾರನ್ ಬಾಗಿಲು ತಗಡಿಂದು ಅಂತ ನಿನಗೆ ಗೊತ್ತಿರಲಿಲ್ವಾ?"

"ಚಿಕ್ಕೋನಿಂದ ನೋಡಿವ್ನಿ ಮೇಡಂ. ತಗಡು ಕೆರೆದ್ರೆ ಅದು ಬಾಗ್ಲು ಅಂತ ಕೇಳೋರಿಗೆ ಗೊತ್ತಾಗಲ್ಲ."

"ಅವರು ಆ ಮಾತು ಆಡೇ ಇಲ್ಲ."

"ಇಲ್ಲ."

"ಮತ್ತೆ ಏನಂದ್ರು?"

ಮಹೇಶ ಹೊಸ್ತಿಲ ಮೇಲೆ ಕೂತ. "ಏನೂ ಅನ್ನಲಿಲ್ಲ ಮೇಡಂ. ನಮ್ಮಪ್ಪ ಎಲ್ ಬಿದ್ದ ಅಂತ ಯಜಮಾನ್ರನ್ನ ಕೇಳ್ದೆ. ಪೇಪರ್ ಓದ್ತಾ ಕೂತಿದ್ರು. ಪುಟ ತಿರುವಿದ್ರು. ನಾನ್ ನಿಂತೇ ಇದ್ದೆ. ಇನ್ನೊಂದು ಪುಟ ತಿರುವಿದ್ರು. ಅಷ್ಟೇ. ಅಪ್ಪ ಸತ್ತ ದಿನ ಸಂಜೆ ಶಶಿ ಬಂದು ಟವಲ್ ಮಡಚಿ ನಮ್ಮವ್ವನ ಕೈಗೆ ಕೊಟ್ಟು ಹೋದ, ಅವನೂ ಮಾತಾಡ್ಲಿಲ್ಲ. ರೆಕಾರ್ಡಿಂಗ್ ತಗೊಂಡ್ ಬಾ ಅಂದ್ರಿ ನೀವು. ಪುಟ ತಿರುವೋದನ್ನ ತಂದಿದ್ರೆ ಎಫ್‌ಐಆರ್ ಆಗ್ತಿತ್ತಾ?"

ಸುಕನ್ಯ ಬೇರೆಯದನ್ನೇ ಕೇಳಿದಳು.

"ಯಾವ ಟವಲ್?"

ಒಳಗಿನಿಂದ ಮಹೇಶನ ತಾಯಿ ಮರಮ್ಮ ಬಂದಳು. ಟ್ರಂಕ್ ತೆಗೆದು, ಹಳೇ ಸೀರೆಯಲ್ಲಿ ಸುತ್ತಿಟ್ಟ ಟವಲನ್ನು ತಂದು ಕೊಟ್ಟಳು. ಅಂಕಯ್ಯ ಬ್ಯಾರನ್ನಿನಲ್ಲಿ ತಲೆಗೆ ಸುತ್ತಿಕೊಳ್ಳುತ್ತಿದ್ದ ಟವಲ್. ಹಸಿ ಸೊಪ್ಪಿನ ಜಿಗುಟು ಕಪ್ಪಾಗಿ ಗಟ್ಟಿಯಾಗಿತ್ತು. ಒಂದು ಅಂಚಿನಲ್ಲಿ ಅಂಗೈಯಗಲದ ಕಂದು ಕಲೆ. ಆ ಕಲೆಯಲ್ಲಿ ಬೆರಳುದ್ದದ ಮರದ ಸಿಬಿರು ಅಂಟಿಕೊಂಡಿತ್ತು.

"ಅವನ ಬೆವ್ರು ಓಗ್ಬುಡ್ತದೆ ಅಂತ ಒಗೀಲಿಲ್ಲ ಕಣವ್ವ," ಎಂದಳು ಮರಮ್ಮ.

ಆ ವಾರ ಕೆಲಸಕ್ಕೇ ಬಂದಿರಲಿಲ್ಲ ಎಂದು ನಂಜುಂಡಸ್ವಾಮಿ ಹೇಳಿದವನ ಟವಲು. ಹೊಸ ಗಳದ ಪಂಚನಾಮೆ ಜೀಪಿನಲ್ಲೇ ಇತ್ತು.

"ಇದನ್ನ ಯಾಕೋ ತರಲಿಲ್ಲ?" ಸುಕನ್ಯಳ ದನಿ ಏರಿತು. "ನಲವತ್ತೇಳು ದಿನ ಟ್ರಂಕಲ್ಲಿ ಇಟ್ಕೊಂಡು ಕೂತು ನಾಟ್ಕ ಬರೆದ್ಯಾ?"

ಮಹೇಶ ಟವಲನ್ನು ಮೊದಲ ಸಲ ನೋಡುವವನಂತೆ ನೋಡಿದ. "ಅದು ಏನೂ ಹೇಳಲ್ವಲ್ಲ ಮೇಡಂ."

"ಇವನಿಗೆ ತಿಳೀಲಿಲ್ಲ ಸರಿ," ಎಂದಳು ಮರಮ್ಮ. "ನೀವಾದ್ರೂ ಬಂದಿದ್ರೆ ಕೊಡ್ತಿದ್ದೆ. ಪೊಲೀಸ್ನೋರು ನಮ್ಮನೆ ಬಾಗ್ಲಿಗೆ ಬಂದಿದ್ದು ಇದೇ ಮೊದ್ಲು."

ಅಂಕಯ್ಯನ ಮನೆಯಿಂದ ಠಾಣೆಗೆ ನಾಲ್ಕೂವರೆ ಕಿಲೋಮೀಟರ್.

ಸಂಜೆ ನಾಲ್ಕೂ ಹದಿನೈದಕ್ಕೆ ಮಹೇಶ್‌ಕುಮಾರನನ್ನು ದಸ್ತಗಿರಿ ಮಾಡಲಾಯಿತು. ಸುಳ್ಳು ಸಾಕ್ಷ್ಯ ಸೃಷ್ಟಿ, ನಕಲಿ ವಿದ್ಯುನ್ಮಾನ ದಾಖಲೆ. ದಸ್ತಗಿರಿಯ ವಿಷಯವನ್ನು ಮರಮ್ಮನಿಗೆ ತಿಳಿಸಲಾಯಿತು, ಅವಳ ಹೆಬ್ಬೆಟ್ಟು ಪಡೆಯಲಾಯಿತು. ಠಾಣೆಗೆ ಬರುವಷ್ಟರಲ್ಲಿ ಮೇಲಿನ ಕಚೇರಿಯಿಂದ ಫೋನ್ ಬಂತು. ಆಡಿಯೊ ಸುಳ್ಳೆಂದರೆ ಪ್ರಕರಣವೂ ಸುಳ್ಳು, ನಂಜುಂಡಸ್ವಾಮಿಯ ಮೇಲಿನದಕ್ಕೆ ಬಿ ರಿಪೋರ್ಟ್ ಹಾಕಿ ಮುಗಿಸಿ, ದಸರಾ ಇದೆ ಎಂದರು. ಸುಕನ್ಯ "ಸಾರ್" ಎಂದಳು. ಹೌದೆಂದೂ ಅಲ್ಲ, ಇಲ್ಲವೆಂದೂ ಅಲ್ಲ.

ಟವಲನ್ನು ಅವಳು ಮಹೇಶನ ಪ್ರಕರಣದ ಪಟ್ಟಿಗೆ ಸೇರಿಸಲಿಲ್ಲ. ಅಂಕಯ್ಯನ ಕಡತಕ್ಕೆ ಬೇರೆಯೇ ಜಪ್ತಿ ಪಂಚನಾಮೆ ಬರೆಸಿ, ಕಾಗದದ ಲಕೋಟೆಯಲ್ಲಿಟ್ಟು ಅರಗು ಹಾಕಿ, ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಪತ್ರ ಬರೆದಳು. ವರದಿ ಬರಲು ಐದು ತಿಂಗಳಾದರೂ ಬೇಕು. ಬಂದ ದಿನ ಎದುರು ವಕೀಲ ಏನು ಕೇಳುತ್ತಾನೆಂದು ಅವಳಿಗೆ ಗೊತ್ತಿತ್ತು: ದನಿಯನ್ನೇ ಸೃಷ್ಟಿಸಿದವನ ಮನೆಯಲ್ಲಿ ಸಿಕ್ಕ ಟವಲನ್ನು ನಂಬುವುದು ಹೇಗೆ?

ಇನ್ನು ಉಳಿದದ್ದು ನ್ಯಾಯಾಲಯಕ್ಕೆ ಕೊಡುವ ರಿಮ್ಯಾಂಡ್ ಅರ್ಜಿ. ಮರಿಯಯ್ಯ ಟೈಪ್ ಮಾಡುತ್ತಿದ್ದ. ಮಹೇಶ ಎದುರಿನ ಬೆಂಚಿನಲ್ಲಿದ್ದ.

"ಕೆಲ್ಸ?" ಎಂದ ಮರಿಯಯ್ಯ. ಆಮೇಲೆ ಉತ್ತರಕ್ಕೆ ಕಾಯದೆ ತಾನೇ ಟೈಪ್ ಮಾಡಿದ: ರೇಡಿಯೊ ನಾಟಕಕಾರ.

"ಕೃತ್ಯದ ಉದ್ದೇಶ ಏನಂತ ಹಾಕ್ಲಿ ಮೇಡಂ? ದ್ವೇಷ ಅಂತಾನಾ?"

ಸುಕನ್ಯ ಕಣ್ಣುಜ್ಜಿಕೊಂಡಳು.

"ಬರೀರಿ. ಠಾಣಾಧಿಕಾರಿಯವರು ದಿನಾಂಕ 3-9-2025ರಂದು ಧ್ವನಿಮುದ್ರಣ ತರಲು ಸೂಚಿಸಿದ ಮೇರೆಗೆ ಆರೋಪಿಯು ಅದನ್ನು ಸಿದ್ಧಪಡಿಸಿ ತಂದಿರುತ್ತಾನೆ."

ಟೈಪಿನ ಸದ್ದು ನಿಂತಿತು. ಮರಿಯಯ್ಯ ಅವಳನ್ನು ನೋಡಿದ. ಬೆಂಚಿನಲ್ಲಿದ್ದವನೂ ತಲೆಯೆತ್ತಿದ. ಮೂರು ಸೆಕೆಂಡಿಗಿಂತ ಹೆಚ್ಚೇ ಆಯಿತು.

"ಬರೀರಿ ಮರಿಯಯ್ಯ," ಎಂದಳು ಸುಕನ್ಯ. "ಹೇಳಿದ್ದು ನಾನೇ."