ಸೋಮವಾರದ ವಿಭೂತಿ

ಗುರುವಾರ ಸಂಜೆ ಐದೂವರೆಗೆ ಶಿಕಾರಿಪುರ ಠಾಣೆಗೆ ಬಂದ ರಕ್ಷಿತಾ, ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನಮ್ಮವ್ವ ಹಾಲಮ್ಮನ ಬಲಗೈ ಮುರದೈತ್ರಿ. ಅಕ್ಕಿ ಗಿರಣಿಯಾಗೆ ಹಲ್ಲರ್ ಬೆಲ್ಟ್ ಹರಿದು ಹೊಡೀತು. ಸಾವ್ಕಾರ್ರು ನೋಡಿದ್ರೆ, ತಾನಾಗೇ ಹೋಗಿ ಬೆಲ್ಟಿಗೆ ಕೈ ಕೊಟ್ಲು ಅಂತಾರೆ. ನಮ್ಮವ್ವಂದು ತಪ್ಪಿಲ್ಲ ಅಂತ ಬರ್ಕೊಳ್ರಿ ಮೇಡಂ."

"ತಪ್ಪು ಯಾರದ್ದು ಅನ್ನೋದು ಆಮೇಲೆ. ಮೊದಲು ನಡೆದಿದ್ದು ಹೇಳವ್ವ," ಎಂದರು ಸಬ್ ಇನ್‌ಸ್ಪೆಕ್ಟರ್ ವಾಣಿಶ್ರೀ.

ಹುಡುಗಿ ಹೇಳಿದಳು. ಯಂತ್ರದ ವಿಷಯದಲ್ಲಿ ನಿರ್ಲಕ್ಷ್ಯ, ಅದರಿಂದ ತೀವ್ರ ಗಾಯ ಎಂದು ಎಫ್‌ಐಆರ್ ದಾಖಲಾಯಿತು. ಸಹಿ ಹಾಕಿದ ಮೇಲೂ ಅವಳು ಬಾಗಿಲಲ್ಲಿ ನಿಂತು, "ತಪ್ಪಿಲ್ಲ ಅಂತ ಬರೀರಿ" ಎಂದು ಇನ್ನೊಮ್ಮೆ ಹೇಳಿಯೇ ಹೋದಳು.

ಶುಕ್ರವಾರ ಬೆಳಿಗ್ಗೆ ಸ್ಥಳ ಪಂಚನಾಮೆ. ಇಬ್ಬರು ಪಂಚರೊಂದಿಗೆ ವಾಣಿಶ್ರೀಯವರೂ ಕಾನ್‌ಸ್ಟೆಬಲ್ ಕೆಂಪಪ್ಪನೂ ಗಿರಣಿಗೆ ಹೋದಾಗ, ಮಾಲೀಕ ರಾಜಕುಮಾರ್ ಮೊಬೈಲ್ ಹಿಡಿದುಕೊಂಡೇ ಎದುರುಗೊಂಡ.

"ಹಲ್ಲರ್ ನಮ್ಮಪ್ಪಾರ ಕಾಲದ್ದು ಮೇಡಂ. ಆದ್ರೆ ಈಗ ಅದರ ನಾಡಿ ನನ್ನ ಮೊಬೈಲ್‌ನಾಗೈತಿ."

ಭತ್ತದ ಹೊಟ್ಟು ಬಿಡಿಸುವ ಆ ಹಳೆಯ ಯಂತ್ರದ ಬೆನ್ನಿಗೆ ಬೆಂಕಿಪೊಟ್ಟಣದಷ್ಟು ಅಗಲದ ಸೆನ್ಸರ್ ಒಂದು ಅಂಟಿಕೊಂಡಿತ್ತು. ಯಂತ್ರ ಎಷ್ಟು ನಡುಗುತ್ತಿದೆ ಎಂಬುದನ್ನು ಅದು ಅಳೆದು ಗೋಡೆಯ ಪೆಟ್ಟಿಗೆಗೆ ಕೊಡುತ್ತದೆ, ಪೆಟ್ಟಿಗೆ ಮೊಬೈಲಿಗೆ ಕಳಿಸುತ್ತದೆ. ನಡುಕ ಮಿತಿ ಮೀರಿದರೆ ಕೆಂಪು ದೀಪ ಹತ್ತಿ ಮೋಟಾರು ತಾನೇ ನಿಲ್ಲುತ್ತದೆ.

"ನಿನ್ನೆಯದು ನೋಡ್ರಿ. ಹಸಿರು ಗೆರೆ. ಯಂತ್ರ ಗಟ್ಟಿಮುಟ್ಟಾಗಿತ್ತು. ಆಯಮ್ಮಂದೇ ಅಜಾಗ್ರತೆ."

ಕೆಂಪಪ್ಪ ಇಣುಕಿ ನೋಡಿದ. "ನಮ್ಮ ಜೀಪಿಗೂ ಒಂದು ಹಾಕ್ಸಿ ಮೇಡಂ. ಕೆಂಪು ಬಿಟ್ಟು ಬೇರೆ ಬಣ್ಣ ಬಂದ್ರೆ ಕೇಳಿ."

ವಾಣಿಶ್ರೀ ನಗಲಿಲ್ಲ. ಅವರ ಕಣ್ಣು ಯಂತ್ರದ ಬೇರಿಂಗಿನ ಮೇಲಿತ್ತು. ಒಳಗಿನ ಗುಂಡುಗಳು ಪುಡಿಯಾಗಿ, ಕಬ್ಬಿಣ ಸುಟ್ಟು ನೀಲಿಗಟ್ಟಿತ್ತು. ಇಷ್ಟು ಸವೆಯಲು ದಿನಗಳೇ ಬೇಕು. ಹಾಗಿದ್ದರೆ ಗೆರೆ ಹಸಿರಾಗಿ ಇದ್ದದ್ದು ಹೇಗೆ? ಸೆನ್ಸರ್ ಅಳವಡಿಸಿದ ಕಂಪನಿಯ ಎಂಜಿನಿಯರ್ ಶ್ರೀಲತಾಗೆ ಫೋನ್ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಅವಳು ಶಿವಮೊಗ್ಗದಿಂದ ಬಂದಿಳಿದಳು.

"ದೀಪಾವಳಿ ಕಳೆದ ಮೇಲೆ ನಾನೇ ಒರೆಸಿ ಕೂರಿಸಿದ್ದು. ತೆಗೀಬಾರ್ದು ಅಂತ ಹೇಳಿ ಹೋಗಿದ್ದೆ."

"ಈಗ ತೆಗೀರಿ."

ಅಯಸ್ಕಾಂತದ ತಳ ಟಕ್ಕೆಂದು ಬಿಟ್ಟು ಬಂತು. ಯಂತ್ರದ ಬೆನ್ನ ಮೇಲೆ ಎಳೆದಿದ್ದ ವಿಭೂತಿಯ ಮೂರು ಪಟ್ಟೆ ಸೆನ್ಸರಿನ ಅಡಿಯಲ್ಲೂ ಒಂಚೂರು ತುಂಡಾಗದೆ ಸಾಗಿತ್ತು.

ವಾಣಿಶ್ರೀ ಬಾಗಿ ಆ ಪಟ್ಟೆಗಳನ್ನು ನೋಡಿದರು. ಹುಟ್ಟೂರು ಉಳವಿಯಲ್ಲಿ ಅವರಪ್ಪ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಮೈ ತೊಳೆದು, ಹಣೆಗೆ ಹೀಗೆಯೇ ಮೂರು ಬೆರಳು ಎಳೆದು, ಹಸಿ ಹುಲ್ಲು ಹಾಕಿ ಬಿಡುತ್ತಿದ್ದರು.

"ಇದಕ್ಕೆ ವಿಭೂತಿ ಹಚ್ಚೋದು ಯಾವತ್ತು?"

"ಸೋಮವಾರ," ಎಂದ ರಾಜಕುಮಾರ್. "ನಮ್ಮಪ್ಪ ವೀರಬಸಪ್ಪೋರು ಮಾಡಿದ ಕಟ್ಟಳೆ. ಬಸವಣ್ಣಗೆ ಬಿಟ್ಟಂಗೆ ಸೋಮವಾರ ಹಲ್ಲರ್‌ಗೂ ರಜಾ. ಹಳೇದು ಒರೆಸಿ ಹೊಸದು ಹಚ್ತಾರೆ. ಪಕ್ಕದ ಹೊಸ ಪಾಲಿಶ್ ಮಷಿನ್ ಅಷ್ಟೇ ಓಡೋದು."

"ಹಾಗಾದ್ರೆ ಸೋಮವಾರ ಪಟ್ಟೆ ಎಳೆಯುವಾಗ ಸೆನ್ಸರ್ ಇಲ್ಲಿರಲಿಲ್ಲ. ಸೋಮವಾರದ ಗೆರೆ ತೋರಿಸಿ."

ರಾಜಕುಮಾರನ ಬೆರಳು ಮೊಬೈಲಿನ ಮೇಲೆ ಜಾರಿತು, ಆಮೇಲೆ ನಿಂತಿತು. ವಿಶ್ರಾಂತಿಯ ದಿನ ಮಲಗಿರಬೇಕಿದ್ದ ಹಲ್ಲರಿನ ಗೆರೆ ಬೆಳಗಿನಿಂದ ಸಂಜೆಯವರೆಗೆ ಹಸಿರಾಗಿ ಕುಣಿದಿತ್ತು.

"ನಿಮ್ಮಪ್ಪನ ಕಟ್ಟಳೆ ಸುಳ್ಳೋ, ನಿಮ್ಮ ಮೊಬೈಲ್ ಸುಳ್ಳೋ?"

ಅಷ್ಟರಲ್ಲಿ ಕೆಂಪಪ್ಪ ಪಾಲಿಶ್ ಯಂತ್ರವನ್ನು ಸುತ್ತು ಹಾಕಿ ಕೂಗಿದ. ತೌಡಿನ ಧೂಳು ದಟ್ಟವಾಗಿ ಕೂತಿದ್ದ ಅದರ ಮೈಮೇಲೆ ಒಂದೇ ಒಂದು ಚೌಕ ಸ್ವಚ್ಛವಾಗಿತ್ತು. ಸೆನ್ಸರ್ ಇಟ್ಟರೆ ಸರಿಯಾಗಿ ಕೂತಿತು. ಗಟ್ಟಿ ಯಂತ್ರದ ನಾಡಿಯನ್ನು ರೋಗಿಯ ಹೆಸರಿನಲ್ಲಿ ಕಳಿಸಿ, ಬೆಲ್ಟ್ ಹರಿದ ಮೇಲೆ ಯಾರೋ ಗಾಬರಿಯಲ್ಲಿ ಮೊದಲ ಜಾಗಕ್ಕೆ ಅಂಟಿಸಿದ್ದರು. ಪಂಚನಾಮೆಯಲ್ಲಿ ಎಲ್ಲವೂ ದಾಖಲಾಯಿತು, ವಿಭೂತಿಯೂ.

"ಕೆಂಪು ದೀಪ ಮೊದಲು ಬಂದಿತ್ತಾ?"

"ಬರ್ತಿತ್ತು. ಬೇರಿಂಗ್ ಬದಲಿ ಮಾಡಾಣ, ಸೀಸನ್ ಮುಗೀಲಿ ಅಂದಿದ್ದೆ."

"ಕೈ ತಾಗದ ಹಾಗೆ ಬೆಲ್ಟಿಗೆ ಜಾಲರಿ?"

"ಹಾಕ್ಸಿಲ್ಲ ಮೇಡಂ," ಎಂದ ರಾಜಕುಮಾರ್.

"ವಿಭೂತಿ ಹಚ್ಚೋರು ಯಾರು?"

"ನಮ್ಮ ಮೆಕ್ಯಾನಿಕ್ ತೀರ್ಥೇಶ್. ಸೊರಬದ ಕಡೆ ಜಡೆ ಊರಿನವನು. ನಿನ್ನೆಯಿಂದ ಫೋನ್ ಎತ್ತಿಲ್ಲ."

ಸಂಜೆ ಆಸ್ಪತ್ರೆಯಲ್ಲಿ ಹಾಲಮ್ಮನ ಹೇಳಿಕೆ. ತೋಳಿನುದ್ದಕ್ಕೂ ಬಿಳಿ ಪಟ್ಟಿ.

"ತೀರ್ಥೇಶ್ ಸೆನ್ಸರ್ ತೆಗೆದಿದ್ದು ನೋಡಿದ್ದೀರಾ?"

"ನಂಗೇನು ಗೊತ್ತಿಲ್ಲವ್ವ," ಎಂದವಳೇ ಹಾಲಮ್ಮ ಗೋಡೆ ಕಡೆ ತಿರುಗಿದಳು. ತನ್ನ ಕೈ ಮುರಿಯಲು ಕಾರಣನಾದವನನ್ನು ಇವಳೇಕೆ ಕಾಪಾಡುತ್ತಿದ್ದಾಳೆ ಎಂಬ ಪ್ರಶ್ನೆ ವಾಣಿಶ್ರೀಯವರ ಜೊತೆಗೇ ಮನೆಗೆ ಬಂತು.

ಶನಿವಾರ ಬೆಳಿಗ್ಗೆ ಜೀಪು ಜಡೆ ತಲುಪಿದಾಗ ತೀರ್ಥೇಶ್ ಜಗಲಿಯ ಮೇಲೆ ಕೂತಿದ್ದ. ಓಡಲಿಲ್ಲ. "ಬರ್ತೀರಿ ಅಂತ ಗೊತ್ತಿತ್ತು" ಎಂದ.

"ಸೆನ್ಸರ್ ಕಿತ್ತು ಪಾಲಿಶ್ ಮಷಿನ್‌ಗೆ ಹಾಕಿದ್ಯಾ?"

"ಹೂಂ."

"ಸಾವ್ಕಾರ್ರು ಹೇಳಿದ್ರಾ?"

"ಇಲ್ಲ. ಅವ್ರಿಗೆ ಹಸಿರು ಕಂಡ್ರೆ ಸಾಕು, ಕೇಳೋದೂ ಇಲ್ಲ. ಹೆಂಗೆ ಗೊತ್ತಾಯ್ತು ಮೇಡಂ?"

"ವಿಭೂತಿ ಮೇಲೆ ಅಂಟಿಸಿದ್ದೆ."

ಅವನು ತನ್ನ ಮೂರು ಬೆರಳನ್ನೇ ನೋಡಿಕೊಂಡ. "ಹಚ್ಚಿದೋನೂ ನಾನೇ. ಪ್ರತಿ ಸೋಮವಾರ ಕೈ ಮುಗೀತಿದ್ದೆ, ಅದರ ಬೇನೆ ಮುಚ್ಚಿಟ್ಟು." ಆಮೇಲೆ ಮೆಲ್ಲಗೆ ಕೇಳಿದ: "ಹಾಲಮ್ಮ ಏನಂದ್ಲು?"

"ನಿನ್ನ ಹೆಸರು ಹೇಳಲಿಲ್ಲ."

ಅಲ್ಲಿಯವರೆಗೆ ಗಟ್ಟಿಯಾಗಿದ್ದವನು ಮುಖ ಮುಚ್ಚಿಕೊಂಡ.

ಬೆಳಿಗ್ಗೆ ಹತ್ತು ಗಂಟೆಗೆ ತೀರ್ಥೇಶನ ದಸ್ತಗಿರಿ. ಜಾಲರಿ ಹಾಕಿಸದ, ರಿಪೇರಿ ಮುಂದೂಡಿದ ರಾಜಕುಮಾರ್ ಎರಡನೆಯ ಆರೋಪಿಯಾದ. ಜಾಮೀನು ಸಿಗುವ ಕಲಮುಗಳು. ಇಬ್ಬರೂ ಸಂಜೆಯೊಳಗೆ ಬಾಂಡ್ ಬರೆದುಕೊಟ್ಟು ಹೊರಬಂದರು. ವಾಣಿಶ್ರೀ ಮಾತ್ರ ಕಡತ ಮುಚ್ಚದೆ ಮತ್ತೆ ಆಸ್ಪತ್ರೆಗೆ ಹೋದರು.

"ತೀರ್ಥೇಶ್ ಒಪ್ಪಿಕೊಂಡ. ಈಗ ಹೇಳಿ ಹಾಲಮ್ಮ."

ಹಾಲಮ್ಮ ಗೋಡೆಯಿಂದ ಇತ್ತ ತಿರುಗಿದಳು. "ನಮ್ದು ಚೀಲದ ಲೆಕ್ಕದ ಕೂಲಿ. ಕೆಂಪು ದೀಪ ಹತ್ತಿತಂದ್ರೆ ಅವತ್ತು ಕೂಲಿ ಇಲ್ಲ. ಕಟ್ಕೊಂಡು ಹೋದ ಬುತ್ತಿ ಬಿಚ್ಚದಂಗೆ ವಾಪಸ್ ಬರ್ತಿದ್ವಿ. ತೀರ್ಥಣ್ಣ ಬಾಗ್ಲಾಗೆ ನಿಂತು ನೋಡೋನು. ಒಂದಿನ ನಾನೇ ಅಂದೆ, ಅಣ್ಣ, ಆ ದೀಪ ಹತ್ತದಂಗೆ ಏನರ ಮಾಡಪ್ಪ ಅಂತ. ಮಾಡ್ಯಾನೆ." ಎಡಗೈಯಿಂದ ಸೆರಗು ಎಳೆದುಕೊಂಡಳು. "ಇದನ್ನ ಬರೆದ್ರೆ ತಪ್ಪು ನಂದೇ ಆಗತೈತಲ್ಲ?"

ಕಾಲ ಬುಡದಲ್ಲಿ ಕೂತಿದ್ದ ರಕ್ಷಿತಾ ವಾಣಿಶ್ರೀಯವರನ್ನೇ ನೋಡಿದಳು.

"ಕೂಲಿ ಕೇಳೋದು ತಪ್ಪಲ್ಲ," ಎಂದರು ವಾಣಿಶ್ರೀ. "ದೀಪ ಹತ್ತಿದ ದಿನವೂ ನಿಮ್ಮ ಬುತ್ತಿ ಬಿಚ್ಚೋ ಹಾಗೆ ನೋಡ್ಕೋಬೇಕಾದೋರು ಬೇರೆ ಇದ್ರು. ಎಲ್ಲಾನೂ ಬರೀತೀನಿ."

ಬರೆದರು. ಬುತ್ತಿಯ ಮಾತನ್ನೂ ಬಿಡಲಿಲ್ಲ. ಕೊನೆಗೆ ಕೇಸ್ ಡೈರಿ ತೆರೆದು, ಗಾಯಾಳುವಿನ ಕಡೆಯಿಂದ ಯಾವ ತಪ್ಪೂ ಕಂಡುಬಂದಿಲ್ಲ ಎಂದು ಸೇರಿಸುತ್ತ, ಆ ಒಂದು ವಾಕ್ಯವನ್ನು ಹುಡುಗಿಗೆ ಕೇಳುವಷ್ಟು ಗಟ್ಟಿಯಾಗಿ ಓದಿಕೊಂಡರು.

ಠಾಣೆಯಲ್ಲಿ ಕೂರದ ರಕ್ಷಿತಾ ಎದ್ದು, ಮೇಡಂಗೆ ಸ್ಟೂಲು ಸರಿಸಿ, ಅವ್ವನ ಬುತ್ತಿಯ ಡಬ್ಬಿ ಬಿಚ್ಚಿದಳು.