ಅಥಣಿ ರಸ್ತೆಯಲ್ಲೊಂದು ವಾಟರ್‌ಲೂ

"ಸೆರಗು! ಸೆರಗು ಹಿಡೀರಿ ಅಂದ್ನೆಲ್ರೀ!"

ವಿಜಯಲಕ್ಷ್ಮೀ ಬೆಚ್ಚಿ ತಿರುಗಿದಳು. ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಅವಳ ಸೆರಗು ಮೇಜಿನ ಮೇಲೆ ಹಾದು, ಹೆಬ್ಬೆರಳಿನೆತ್ತರದ ಹನ್ನೊಂದು ಕುದುರೆ ಸವಾರರು ಸಾಲಾಗಿ ಮಕಾಡೆ ಮಲಗಿದ್ದರು!

"ನಾ... ಮ್ಯಾಲಿನ ಖೋಲಿ ಬಾಡಿಗಿಗೆ ಐತಿ ಅಂದ್ರು. ನೋಡಾಕ ಬಂದಿದ್ನಿರಿ."

"ಖೋಲಿ ಮ್ಯಾಲ ಐತ್ರಿ. ಇಲ್ಲಿ ಲಡಾಯಿ ನಡದೈತಿ."

ಹಾಗೆಂದವನು ಮನೆಯ ಮಾಲೀಕ ಚೇತನಕುಮಾರ. ಹಗಲು ದಂತವೈದ್ಯರಿಗೆ ಕಟ್ಟುಹಲ್ಲು ಮಾಡಿಕೊಡುವ ಕೆಲಸ. ಸಂಜೆಯಾದರೆ ಅಥಣಿ ರಸ್ತೆಯ ಈ ಪಡಸಾಲೆಯಲ್ಲಿ ನೆಪೋಲಿಯನ್ನನ ಕೊನೆಯ ಯುದ್ಧವಾದ ವಾಟರ್‌ಲೂವನ್ನು ಗೊಂಬೆಗಳಲ್ಲಿ ಕಟ್ಟುತ್ತಿದ್ದ. ಎಂಟಡಿ ಮೇಜು, ಥರ್ಮಾಕೋಲಿನ ಗುಡ್ಡ, ಕಟ್ಟಿಗೆ ಪುಡಿಯ ಹುಲ್ಲು, ಆರು ನೂರು ಸೈನಿಕರು. ನೀಲಿ ಕೋಟು ಫ್ರೆಂಚರದು, ಕೆಂಪು ಇಂಗ್ಲಿಷರದು. ಅರ್ಧಕ್ಕೂ ಹೆಚ್ಚು ಮಂದಿಗೆ ಇನ್ನೂ ಬಣ್ಣವೇ ಬಿದ್ದಿರಲಿಲ್ಲ.

ಬಿದ್ದ ಸವಾರರನ್ನು ಎತ್ತಿ ನಿಲ್ಲಿಸುವಾಗ ಅವಳ ಬೆರಳು ಒಂದಿಷ್ಟೂ ನಡುಗಲಿಲ್ಲ. ಅವನು ಅದನ್ನೇ ನೋಡುತ್ತಿದ್ದ.

"ಚಿತ್ರಾ ತಗೀತೀರೇನ್ರಿ?"

"ತಿಕೋಟಾ ಸಾಲ್ಯಾಗ ಡ್ರಾಯಿಂಗ್ ಟೀಚರ್ ಅದೀನ್ರಿ."

"ಹಂಗಾರ... ಇವಕ್ಕ ಬಣ್ಣಾ ಹಚ್ಚಿ ಕೊಡ್ತೀರಿ?"

ಒಲ್ಲೆ ಎನ್ನಲು ಅವಳಿಗೆ ಬೇರೆ ಯಾವ ಸಂಜೆ ಇತ್ತು?

ಅವ್ವ ಶಂಕ್ರೆವ್ವ ಎಂಟು ವರ್ಷ ಹಾಸಿಗೆ ಹಿಡಿದಿದ್ದಳು. ನೋಡಲು ಬಂದ ವರಗಳೆಲ್ಲ ಆ ಹಾಸಿಗೆ ಕಂಡು ಚಹಾ ಕುಡಿದು ಎದ್ದುಹೋಗಿದ್ದರು. ಈಗ ಅವ್ವನೂ ಇಲ್ಲ, ಇವಳಿಗೆ ಮೂವತ್ತಾರು. ಸಂಜೆ ತಿಕೋಟಾ ಬಸ್ಸಿಳಿದರೆ ಮರುದಿನ ಬಸ್ಸು ಹತ್ತುವವರೆಗೆ ಬಾಯಿಂದ ಒಂದು ಮಾತು ಹೊರಡುತ್ತಿರಲಿಲ್ಲ. ಒಮ್ಮೊಮ್ಮೆ ಕುಕ್ಕರ್ ಸೀಟಿ ಹೊಡೆದರೆ "ಬಂದ್ನಿ, ತಡಿ" ಎಂದು ಅದಕ್ಕೇ ಉತ್ತರ ಕೊಟ್ಟು, ಆಮೇಲೆ ಒಬ್ಬಳೇ ಅಳುತ್ತಿದ್ದಳು.

ಮೇಲಿನ ಖೋಲಿ ಹಿಡಿದ ಮೇಲೆ ಈಗ ದಿನಾ ಎರಡು ತಾಸು ಕೆಳಗೆ ಅವನೆದುರು ಕೂತು ಬಣ್ಣ ಹಚ್ಚುವುದು. ಅವನೂ ಮಾತಿನ ಮಲ್ಲನೇನಲ್ಲ. ಮದುವೆ ಮುರಿದು ಒಂಬತ್ತು ವರ್ಷವಾಗಿತ್ತು.

ಒಂದು ದಿನ ಅವಳು ಫ್ರೆಂಚ್ ಕುದುರೆಯೊಂದರ ಹಣೆಗೆ ಕೆಂಪು ಬೊಟ್ಟು ಇಟ್ಟುಬಿಟ್ಟಳು.

"ಕುದುರಿಗಿ ಕುಂಕುಮಾ?"

"ಲಡಾಯಿಗೆ ಹೊಂಟೈತ್ರಿ. ಬರೀ ಹಣಿಲೆ ಕಳಸೂದಾ?"

ಅವನು ನಕ್ಕ! ಮೊದಲ ಸಲ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ವಿಜಯಲಕ್ಷ್ಮೀಯ ಮನಸ್ಸು ಅವತ್ತೇ ಕೈಬಿಟ್ಟು ಹೋಯಿತು.

"ಇನ್ನ ಎಷ್ಟ ಅದಾವ್ರಿ?" ಎಂದು ಕೇಳಿದರೆ "ನಲವತ್ತು" ಎನ್ನುತ್ತಿದ್ದ. ಸಂಕ್ರಾಂತಿಗೂ ನಲವತ್ತು, ಶಿವರಾತ್ರಿಗೂ ನಲವತ್ತು! ಸೈನಿಕರ ಹೊಸ ಡಬ್ಬಿ ತರಿಸಿರಬೇಕು ಎಂದುಕೊಂಡಳು. ಚಿತ್ರದ ಟೀಚರಿಗೆ ಲೆಕ್ಕ ಬಾರದು ಎನ್ನಬೇಡಿ, ಲೆಕ್ಕ ಹಾಕುವ ಮನಸ್ಸೇ ಅವಳಿಗಿರಲಿಲ್ಲ.

ಆ ಭಾನುವಾರ ಅವನು ಕೀಲಿ ಕೊಟ್ಟು ಬಬಲೇಶ್ವರಕ್ಕೆ, ಅಣ್ಣನ ಮನೆಗೆ ಹೋಗಿದ್ದ. ಬ್ರಷ್ ಹುಡುಕುತ್ತ ಅವಳು ಕಿಟಕಿಯ ಪರದೆ ಸರಿಸಿದಳು. ಹಿಂದೆ ಒಂದು ಸ್ಟೀಲ್ ಡಬ್ಬಿ. ತೆರೆದರೆ ಸ್ಪಿರಿಟ್ ವಾಸನೆ! ಒಳಗೆ ಮುಳುಗಿದ ಸೈನಿಕರು. ಪಕ್ಕದಲ್ಲಿ ನೀಲಿ ಹತ್ತಿದ ಹಳೆಯ ಹಲ್ಲುಜ್ಜುವ ಬ್ರಷ್ಷು.

ಎಲ್ಲರಿಗಿಂತ ಮೇಲೆ ಒಂದು ಕುದುರೆ. ಮೈಯ ಬಣ್ಣ ಹೋಗಿ ಬೋಳಾಗಿತ್ತು. ಹಣೆಯ ಮೇಲೆ ಮಾತ್ರ ಕೆಂಪು ಇನ್ನೂ ಚೂರು ಉಳಿದಿತ್ತು.

'ನನ್ನ ಕುದುರೆ... ನಾನು ಹಚ್ಚಿದ್ದನ್ನು ಉಜ್ಜಿ ತೆಗೆಯುತ್ತಿದ್ದಾನೆ! ಎದುರಿಗೆ ನಕ್ಕು, ಬೆನ್ನ ಹಿಂದೆ ಅಳಿಸುತ್ತಾನೆ. ನಾನು ಯಾರಿಗೂ ಬೇಡವಾದವಳೇ...'

ಅವನು ಮರಳಿದಾಗ ಅವಳ ಬ್ಯಾಗು ಬಾಗಿಲಲ್ಲಿತ್ತು.

"ಖೋಲಿ ಬಿಡಾಕತ್ತೇನ್ರಿ. ಇಬ್ರಾಹಿಂಪುರದಾಗ ನನ್ನ ಜೋಡಿ ಟೀಚರ್ ಮನ್ಯಾಗ ಇರ್ತೇನಿ." ಡಬ್ಬಿಯನ್ನು ಅವನ ಮುಂದಿಟ್ಟಳು. "ನನ್ನ ಕೆಲಸಾ ಸರಿ ಇಲ್ಲಾಂದ್ರ ಮಾರಿ ಮ್ಯಾಲ ಹೇಳಬೇಕಿತ್ತು. ಕದ್ದು ತೊಳಿಯೂದ್ಯಾಕ?"

ಚೇತನಕುಮಾರನ ಮುಖ ಬಿಳಿಚಿತು.

"ಎಲ್ಲಾ ಸಂಕ್ರಾಂತಿಗೇ ಮುಗದಿದ್ವುರಿ."

"ಏನು?"

"ಆರು ನೂರೂ ಮುಗದಿದ್ವು. ಮುಗದಾವು ಅಂದ್ರ ನೀವು ಮರುದಿನದಿಂದ ಕೆಳಗ ಬರಾಂಗಿಲ್ಲ. ಅದಕ್ಕ... ನೀವು ಮ್ಯಾಲ ಹೋದ ಕೂಡ್ಲೆ ಐದಾರು ತೊಳದು ಇಡ್ತಿದ್ನಿ. ಇವತ್ತ ಮುಂಜಾನೆ ಆ ಕುದುರಿ ಹಣಿ ತೊಳಿಯಾಕ ಕೈ ಬರಲಿಲ್ಲ. ಅರ್ಧಕ್ಕ ಬಿಟ್ಟು ಊರಿಗೆ ಹ್ವಾದೆ."

ಎರಡು ತಿಂಗಳಿಂದ ಹಚ್ಚಿದವರಿಗೇ ಮತ್ತೆ ಬಣ್ಣ ಹಚ್ಚಿದ್ದಳು! ಬೈಯಬೇಕು ಎಂದು ಬಾಯಿ ತೆರೆದಳು. ಅಳು ಬಂತು. ಅಳುತ್ತಲೇ ನಗು ಬಂತು.

"ನಮ್ಮಿಬ್ರ ನಡುವ ಆರು ನೂರ ಮಂದೀನ ನಿಲ್ಸೀರಿ. ಒಂದು ಮಾತು ಕೇಳಾಕ ಆಗಲಿಲ್ಲ ನಿಮಗ?"

"ಒಲ್ಲೆ ಅಂದಿದ್ರ? ಒಮ್ಮೆ ಆ ಮಾತು ಕೇಳಿದಾಂವ್ರಿ ನಾ."

"ಕೇಳಿ ನೋಡ್ರಲ್ಲ."

ಅವನು ಸ್ಪಿರಿಟ್ ಡಬ್ಬಿಗೆ ಮುಚ್ಚಳ ಹಾಕಿ ಪಕ್ಕಕ್ಕಿಟ್ಟ.

"ನಾಳೆ... ಬಣ್ಣಾ ಹಚ್ಚೂದು ಏನೂ ಇಲ್ರಿ. ಸುಮ್ಮನ ಬರ್ತೀರಿ? ನನ್ನ ಸಲುವಾಗಿ?"

ಇಷ್ಟು ವರ್ಷಗಳಲ್ಲಿ ಅವಳನ್ನು ಕೆಲಸವಿಲ್ಲದೆ ಕರೆದವರು ಯಾರೂ ಇರಲಿಲ್ಲ. ಅವಳು ಬ್ಯಾಗನ್ನು ಒಳಗೆಳೆದುಕೊಂಡಳು.

"ನಾಳೆ ಯಾಕ? ಊಟ ಆಗೈತಿ?"

"ಇಲ್ರಿ."

"ನಂದೂ ಆಗಿಲ್ಲ. ಮ್ಯಾಲಿಂದ ಬುತ್ತಿ ತರ್ತೇನಿ. ಅಷ್ಟರಾಗ ನಿಮ್ಮ ಮಂದೀನ ಒಂಚೂರು ಸರಸ್ರಿ."

"ಎಷ್ಟ ಸರಸ್ಲಿ?"

"ಎರಡು ತಾಟು ಹಿಡಿಯೂವಷ್ಟು."