ಇಬ್ಬರಿಗಾಗುವಷ್ಟು ರವಿಯೋಲಿ

"ಕೊಡು ಆ ಬ್ಯಾಗು, ನಾನು ಹಿಡ್ಕೋತೀನಿ" ಎಂದು ಪ್ರತಿ ಗುರುವಾರ ತರಗತಿ ಮುಗಿದ ಮೇಲೆ ಬಸ್ ಸ್ಟಾಪಿನವರೆಗೆ ನನ್ನ ಜೊತೆ ಬರುತ್ತಿದ್ದ ಉಲಿಸೆಸ್, ಆ ಸಂಜೆ ಬಾಗಿಲಲ್ಲೇ ನಿಂತು "ಹುಷಾರು, ನೊಯೆಮಿ" ಎಂದನಷ್ಟೆ. ನಾನೂ "ಸರಿ" ಎಂದೆ. ಬ್ವೇನಸ್ ಐರಿಸಿನ ಬೀದಿ ತುಂಬ ಜನ. ನನ್ನ ಪಕ್ಕದಲ್ಲಿ ಮಾತ್ರ ಯಾರೂ ಇರಲಿಲ್ಲ.

ನಾವಿಬ್ಬರೂ ಮಿರ್ತಾ ತಮ್ಮ ಮನೆಯಲ್ಲಿ ನಡೆಸುವ ಎನ್ನಿಯಾಗ್ರಾಮ್ ತರಗತಿಯವರು. ಮನುಷ್ಯರ ಸ್ವಭಾವವನ್ನು ಒಂಬತ್ತು ಬಗೆಯಾಗಿ ವಿಂಗಡಿಸಿ, ಒಂದೊಂದಕ್ಕೂ ಒಂದು ನಂಬರ್ ಕೊಟ್ಟು, ನಮ್ಮನ್ನು ನಮಗೇ ತೋರಿಸುವ ಪಾಠ ಅದು. ನಾನು ಐದು: ದೂರ ಕೂತು ನೋಡುವವಳು, ಯಾರನ್ನೂ ಏನೂ ಕೇಳದವಳು. ಅವನು ಎರಡು: ಕೇಳುವ ಮೊದಲೇ ಕೊಡುವವನು. ನಂಬರ್ ಸಿಕ್ಕ ದಿನ ನನ್ನ ಒಂಟಿತನಕ್ಕೆ ಕೊನೆಗೂ ಒಂದು ಮರ್ಯಾದೆ ಬಂದಂತಾಗಿತ್ತು. ನಾನು ಐದು, ನನಗೆ ಯಾರೂ ಬೇಡ ಎಂದು ಹೇಳಿಕೊಂಡು ತಿರುಗಿದೆ.

ಸುಳ್ಳು. ಭಾನುವಾರ ಬಂದರೆ ಗೊತ್ತಾಗುತ್ತಿತ್ತು. ಅಂದು ಇಡೀ ಊರು ಅಮ್ಮಂದಿರ ಮನೆಯಲ್ಲಿ ಊಟಕ್ಕೆ ಸೇರುತ್ತದೆ. ನಾನು ಮೂಲೆಯ ಪಾಸ್ತಾ ಅಂಗಡಿಯಿಂದ ರವಿಯೋಲಿ, ಅಂದರೆ ಹೂರಣ ತುಂಬಿದ ಹಸಿ ಪಾಸ್ತಾ, ತರುತ್ತಿದ್ದೆ. ಅಲ್ಲಿ ತೀರಾ ಚಿಕ್ಕ ಡಬ್ಬಿಯೂ ಇಬ್ಬರಿಗಾಗುವಷ್ಟಿರುತ್ತದೆ. ಮಧ್ಯಾಹ್ನ ಅರ್ಧ ಬೇಯಿಸಿ ತಿಂದು, ಇನ್ನರ್ಧವನ್ನು ಸಂಜೆ ಬೇಯಿಸಿ ತಿನ್ನುತ್ತಿದ್ದೆ.

ಅವನು ಜೊತೆಗೆ ಬರುವುದು ನಿಂತ ಮೇಲೆ ವಾರಗಳು ಉದ್ದವಾದವು. ತರಗತಿಯಲ್ಲಿ ಎದುರು ಕೂತಾಗ ಅವನ ಕಣ್ಣು ನನ್ನ ಮೇಲೆ ಬರುತ್ತಿತ್ತು. ನಾನು ನೋಡಿದೊಡನೆ, ಎಲ್ಲರೂ ಸರದಿಯಲ್ಲಿ ಹೀರಲು ಕೈಯಿಂದ ಕೈಗೆ ಸುತ್ತುತ್ತಿದ್ದ ಕಹಿ ಚಹಾದ ಸೋರೆಬುರುಡೆಯ ಕಡೆ ತಿರುಗಿಬಿಡುತ್ತಿತ್ತು. ನನ್ನಲ್ಲೇ ಏನೋ ಕೊರತೆ ಕಂಡಿರಬೇಕು ಎಂದು ಒಳಗೊಳಗೇ ಕೊರಗಿದೆ.

ನಮ್ಮಲ್ಲಿ ಡಿಸೆಂಬರ್ ಬೇಸಿಗೆ; ಆ ಸೆಕೆಯಲ್ಲಿ ವರ್ಷದ ಕೊನೆಯ ತರಗತಿ. ಮಿರ್ತಾ ಒಬ್ಬೊಬ್ಬರನ್ನೇ ಕರೆದು ಕೊಟ್ಟಿದ್ದ ಹೋಂವರ್ಕ್ ಏನಾಯಿತೆಂದು ಎಲ್ಲರೂ ಹೇಳಬೇಕಿತ್ತು.

"ನಂದು ಬಹಳ ಕಷ್ಟ ಆಯ್ತು," ಎಂದ ಉಲಿಸೆಸ್. "ಕೇಳದೆ ಯಾರಿಗೂ ಏನೂ ಮಾಡಬೇಡ ಅಂದಿದ್ರಿ. ಒಬ್ಬರ ಬ್ಯಾಗ್ ಹಿಡ್ಕೊಳ್ಳೋದು ಬಿಟ್ಟೆ. ಕೈ ಇನ್ನೂ ಅಲ್ಲಿಗೇ ಹೋಗುತ್ತೆ."

ಮಿರ್ತಾ ನಕ್ಕು ನನ್ನ ಕಡೆ ತಿರುಗಿದರು. "ನಿಂದೇನಮ್ಮ, ನೊಯೆಮಿ? ಯಾರ ಹತ್ರನಾದ್ರೂ ಒಂದೇ ಒಂದು ಕೇಳು ಅಂದಿದ್ದೆನಲ್ಲ?"

"ಇನ್ನೂ ಕೇಳಿಲ್ಲ," ಎಂದೆ. ಕಿವಿ ಬಿಸಿಯಾಗಿತ್ತು. ಇನ್ನು ಮಾರ್ಚಿನವರೆಗೆ ತರಗತಿಯಿಲ್ಲ. ಆಮೇಲೆ ಅವನು ಬರುತ್ತಾನೆಂದು ಯಾರು ಕಂಡಿದ್ದಾರೆ?

ಬಾಗಿಲಲ್ಲಿ ಮತ್ತೆ ಅದೇ "ಹುಷಾರು". ಮೆಟ್ಟಿಲಿಳಿದವಳು ವಾಪಸ್ ಹತ್ತಿ ಬಂದೆ.

"ಭಾನುವಾರ ಊಟಕ್ಕೆ ಬಾ, ಉಲಿಸೆಸ್. ರವಿಯೋಲಿ ನನ್ನೊಬ್ಬಳಿಂದ ಖಾಲಿ ಆಗಲ್ಲ."

ಅವನು ಬಾಗಿಲು ದಾಟಿ ಹೊರಗೆ ಬಂದ. "ನಿಜವಾಗ್ಲೂ ಕರೀತಿದೀಯಾ, ಇಲ್ಲ ಹೋಂವರ್ಕ್ ಮುಗಿಸ್ತಿದೀಯಾ?"

"ನೀನು ಬರದೆ ಇದ್ರೆ ನಂಗೆ ಬೇಜಾರಾಗುತ್ತೆ. ಇಷ್ಟು ವಾರಾನೂ ಆಗಿದೆ."

ಅವನ ಕಣ್ಣು ಈ ಸಲ ಎತ್ತಲೂ ತಿರುಗಲಿಲ್ಲ. "ಏನು ತರಲಿ? ವೈನಾ, ಐಸ್‌ಕ್ರೀಮಾ? ನಿಮ್ಮನೆ ನಲ್ಲಿ ಸೋರುತ್ತೆ ಅಂದಿದ್ದೆಯಲ್ಲ, ಸ್ಪ್ಯಾನರ್ ತರ್ತೀನಿ."

"ಏನೂ ತರಬೇಡ. ಅದು ನಿನ್ನ ಹೋಂವರ್ಕು."

ಭಾನುವಾರ ಬಂದ. ಇಸ್ತ್ರಿ ಮಾಡಿದ ಶರ್ಟು, ಬರಿಗೈ. ಆ ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಬಾಗಿಲಲ್ಲೇ ನಿಂತಿದ್ದ. ಒಂದನ್ನು ನಾನು ಹಿಡಿದುಕೊಂಡೆ.

ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಈ ಸಲ ಡಬ್ಬಿಯನ್ನು ಪೂರ್ತಿ ಸುರಿದೆ.